ರೇಷ್ಮೆ ಸೀರೆಗೆ ಎಣ್ಣೆ ಬಿತ್ತೇ? ನೀರಿಗೆ ಹಾಕಬೇಡಿ

ಅಮಾವಾಸ್ಯೆಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿ ಬಂದವರ ಸೆರಗಿನಲ್ಲಿ ಎಣ್ಣೆಕಲೆ ಕಂಡರೆ ಅಚ್ಚರಿಯಿಲ್ಲ. ಮಾದಪ್ಪನಿಗೆ, ಅಂದರೆ ಮಹದೇಶ್ವರನಿಗೆ, ಎಣ್ಣೆಮಜ್ಜನ, ಎಲ್ಲೆಲ್ಲೂ ದೀಪ, ಮೇಲೆ ನೂಕುನುಗ್ಗಲು. ಮನೆಗೆ ಬಂದವರೇ ಕಲೆಯನ್ನು ನಲ್ಲಿಗೆ ಹಿಡಿದು ಸೋಪು ತಿಕ್ಕುತ್ತಾರೆ. ಕೊಳ್ಳೇಗಾಲದ ಮಗ್ಗದಲ್ಲಿ ದಿನಗಟ್ಟಲೆ ಕೂತು ನೇಯ್ದ ಸೀರೆ ಹಾಳಾಗುವುದು ಅಲ್ಲಿಯೇ.

ರೇಷ್ಮೆಯೂ ನಮ್ಮ ಕೂದಲಿನಂತೆ ಪ್ರೋಟೀನಿನ ಎಳೆ. ಒದ್ದೆಯಾದಾಗ ಅದರ ಬಲ ಕುಗ್ಗುತ್ತದೆ. ಆಗ ಉಜ್ಜಿದರೆ ಎಳೆ ಮುರಿದು, ಎಣ್ಣೆ ಹೋದರೂ ಬಿಳಿಚಿದ ಗುರುತು ನಿಲ್ಲುತ್ತದೆ. ವಾಷಿಂಗ್ ಸೋಡಾ ಹೊಳಪು ಕಳೆಯುತ್ತದೆ; ಬ್ಲೀಚ್ ಅಂತೂ ರೇಷ್ಮೆಯನ್ನೇ ತಿಂದುಹಾಕುತ್ತದೆ.

ಎಣ್ಣೆಯನ್ನು ಹೀರಿಸಿ ತೆಗೆಯಬೇಕು. ಮೊದಲು ಒಣ ಹತ್ತಿಬಟ್ಟೆಯನ್ನು ಕಲೆಯ ಮೇಲೊಂದು, ಕೆಳಗೊಂದು ಇಟ್ಟು ಒತ್ತಿ. ಉಜ್ಜಬೇಡಿ. ಆಮೇಲೆ ಪರಿಮಳವಿಲ್ಲದ ಟಾಲ್ಕಂ ಪೌಡರನ್ನೋ ಕಾರ್ನ್‌ಫ್ಲೋರನ್ನೋ ಎರಡೂ ಬದಿಗೆ ದಪ್ಪಗೆ ಉದುರಿಸಿ ರಾತ್ರಿಯಿಡೀ ಬಿಡಿ. ಪುಡಿಯ ಕಣಗಳ ನಡುವಿನ ಸಣ್ಣ ಸಂದುಗಳಿಗೆ ಎಣ್ಣೆ ತಾನೇ ಏರಿಬರುತ್ತದೆ, ಬತ್ತಿಗೆ ಏರುವಂತೆ. ಬೆಳಿಗ್ಗೆ ಮೆದು ಬ್ರಷ್‌ನಿಂದ ಕೊಡವಿ, ಹೊಸ ಪುಡಿ ಹಾಕಿ. ಎರಡು ಮೂರು ದಿನ ಹೀಗೆ ಮಾಡುವ ತಾಳ್ಮೆಯಿದ್ದರೆ ಹೊಸ ಕಲೆಗೆ ಎಷ್ಟೋ ಸಲ ಇಷ್ಟೇ ಸಾಕು.

ಇನ್ನೂ ಉಳಿದರೆ ಅಂಟುವಾಳ. ಬಿಳಿಗಿರಿರಂಗನ ಬೆಟ್ಟದ ಕಾಡಿನಿಂದ ಸೋಲಿಗ ಬುಡಕಟ್ಟಿನವರು ಆಯ್ದು ತರುವ ಈ ಕಾಯಿಯಷ್ಟು ಮೃದುವಾದ ಸೋಪು ರೇಷ್ಮೆಗೆ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ. ಬೀಜ ತೆಗೆದ ನಾಲ್ಕೈದು ಸಿಪ್ಪೆಯನ್ನು ಒಂದು ಚೊಂಬು ಬೆಚ್ಚನೆ ನೀರಲ್ಲಿ ರಾತ್ರಿ ನೆನೆಸಿ, ಕಿವುಚಿ, ಸೋಸಿ. ಒಳಸೆರಗಿನ ಮೂಲೆಗೆ ಒಂದು ಹನಿ ಹಚ್ಚಿ ಒಣಗಿಸಿ ನೋಡಿ: ಬಣ್ಣ ಬಿಡಬಾರದು, ತಿಳಿಬಣ್ಣದ ಸೀರೆಗೆ ಕಂದು ಛಾಯೆ ಹತ್ತಬಾರದು. ಸರಿಯಿದ್ದರೆ ಕಲೆಯಡಿ ಟವೆಲ್ ಹಾಸಿ, ನೊರೆಯಲ್ಲಿ ಅದ್ದಿದ ಬಟ್ಟೆಯಿಂದ ಅಂಚಿನಿಂದ ನಡುವಿಗೆ ಒತ್ತುತ್ತಾ ಬನ್ನಿ. ತಣ್ಣೀರಲ್ಲಿ ಅದ್ದಿದ ಬಟ್ಟೆಯಿಂದ ನೊರೆ ಒರೆಸಿ ತೆಗೆದು, ನೆರಳಲ್ಲಿ ಒಣಗಿಸಿ. ಜರಿಗೆ ಮಾತ್ರ ತೇವ ತಾಗಿಸಬೇಡಿ, ಕಪ್ಪಾಗುತ್ತದೆ.

ಪೆಟ್ರೋಲ್, ಸೀಮೆಎಣ್ಣೆ ಖಂಡಿತ ಬೇಡ. ಸೀರೆಗಿಂತ ನಿಮ್ಮ ಜೀವ ದೊಡ್ಡದು. ಕಲೆ ಪೂರ್ತಿ ಹೋಗುವ ತನಕ ಇಸ್ತ್ರಿಯೂ ಬೇಡ, ಬಿಸಿಗೆ ಎಣ್ಣೆ ಎಳೆಯೊಳಗೆ ಕಚ್ಚಿಕೊಳ್ಳುತ್ತದೆ. ಬೀರುವಿನಲ್ಲಿ ವರ್ಷಗಟ್ಟಲೆ ಇದ್ದು ಹಳದಿಗಟ್ಟಿದ ಕಲೆಯಾದರೆ ಡ್ರೈಕ್ಲೀನಿಂಗ್‌ಗೆ ಕೊಡಿ. ಬಿದ್ದದ್ದು ಹರಳೆಣ್ಣೆಯೋ ತುಪ್ಪವೋ, ಮನೆಯಲ್ಲಿ ಅದಕ್ಕೆ ಏನೇನು ಹಚ್ಚಿದಿರಿ ಎಂಬುದನ್ನೂ ಅಂಗಡಿಯವರಿಗೆ ಹೇಳಿ.