ಬೆಟ್ಟದ ಶೆಡ್ಡಿನಲ್ಲಿ ಕಾರು ಎತ್ತುವ ಮುನ್ನ

ಮನೆಯ ಶೆಡ್ಡಿಗೆ ಕಾರ್ ಲಿಫ್ಟ್ ಹಾಕಿಸಬೇಕೆನ್ನುವವರು ಮೊದಲು ವಿಚಾರಿಸುವುದು ಎಷ್ಟು ಟನ್ನಿನದು, ಯಾವ ಕಂಪನಿಯದು, ಎಷ್ಟಾಗುತ್ತದೆ ಎಂದು. ನೀಲಗಿರಿಯಲ್ಲಿ ಈ ಮೂರನ್ನೂ ಆಮೇಲೆ ಕೇಳಬಹುದು ಎನ್ನುವುದು ನನ್ನ ಅನುಭವ. ಇಲ್ಲಿ ಯಾವ ಲಿಫ್ಟ್ ಎಂದು ತೀರ್ಮಾನಿಸುವುದು ಶೆಡ್ಡಿನ ನೆಲ. ಉದಕಮಂಡಲದಲ್ಲಾಗಲಿ ಗೂಡಲೂರಿನಲ್ಲಾಗಲಿ ಸಮತಟ್ಟಾದ ಜಾಗ ಸಿಗುವುದು ಅಪರೂಪ. ಇಳಿಜಾರಿನ ಮೇಲ್ಬದಿಯನ್ನು ಕಡಿದು, ಆ ಮಣ್ಣನ್ನೇ ಕೆಳಬದಿಗೆ ತುಂಬಿ, ತಡೆಗೋಡೆ ಕಟ್ಟಿ ಮಟ್ಟ ಮಾಡಿಕೊಂಡಿರುತ್ತಾರೆ. ಮೇಲಿಂದ ನೋಡಿದರೆ ಒಂದೇ ಕಾಂಕ್ರೀಟು. ಅದರಡಿಯಲ್ಲಿ ಒಂದು ಕಡೆ ಮೂಲದ ಗಟ್ಟಿ ನೆಲ, ಇನ್ನೊಂದು ಕಡೆ ಸುರಿದ ಮಣ್ಣು. ರಸ್ತೆಗಿಂತ ಕೆಳಗಿರುವ ಮನೆಯಾದರಂತೂ ಶೆಡ್ಡು ಬಹುಪಾಲು ತುಂಬಿದ ಮಣ್ಣಿನ ಮೇಲೇ ನಿಂತಿರುತ್ತದೆ, ಏಕೆಂದರೆ ಕಾರು ರಸ್ತೆಯ ಮಟ್ಟದಲ್ಲೇ ಒಳಗೆ ಬರಬೇಕು.

ಇದು ಏಕೆ ಮುಖ್ಯವೆಂದರೆ, ಎಲ್ಲರೂ ಇಷ್ಟಪಡುವ ಎರಡು ಕಂಬದ ಲಿಫ್ಟು ಭಾರವನ್ನು ನೆಲಕ್ಕೆ ಒತ್ತುವುದರ ಜೊತೆಗೆ ನೆಲವನ್ನು ಕೀಳಲೂ ನೋಡುತ್ತದೆ. ಲೆಕ್ಕ ಸರಳವಿದೆ. ಎರಡು ಟನ್ನಿನ ಗಾಡಿಯನ್ನು ಎತ್ತಿದರೆ ಒಂದೊಂದು ಕಂಬಕ್ಕೆ ಒಂದೊಂದು ಟನ್. ಆ ಭಾರ ನಿಲ್ಲುವುದು ಕಂಬದ ನೆತ್ತಿಯ ಮೇಲಲ್ಲ, ಒಳಗೆ ಚಾಚಿದ ತೋಳಿನ ತುದಿಯಲ್ಲಿ. ತೋಳಿನ ತುದಿ ಕಂಬದಿಂದ ಮುಕ್ಕಾಲು ಮೀಟರ್ ಆಚೆ ಇದೆ, ಕಂಬದ ಪಾದದ ಅಗಲ ಅರ್ಧ ಮೀಟರೂ ಇಲ್ಲ ಎಂದಿಟ್ಟುಕೊಂಡರೆ, ಕಂಬ ಒಳಮುಖವಾಗಿ ಬಾಗದಂತೆ ಹಿಂಬದಿಯ ಬೋಲ್ಟುಗಳು ಒಂದು ಟನ್ನಿಗೂ ಮೀರಿದ ಎಳೆತವನ್ನು ತಡೆಯಬೇಕಾಗುತ್ತದೆ. ಆ ಬೋಲ್ಟುಗಳಿಗೆ ಕಾಂಕ್ರೀಟೇ ಆಧಾರ. ನಾಲ್ಕಿಂಚು ಕಾಂಕ್ರೀಟಿನಡಿಯ ಮಣ್ಣು ಕುಸಿದು ಪೊಳ್ಳಾಗಿದ್ದರೆ ಬೋಲ್ಟು ಎಷ್ಟು ದಪ್ಪವಿದ್ದರೂ ಫಲವಿಲ್ಲ. ನಾಲ್ಕು ಕಂಬದ ಲಿಫ್ಟಿನಲ್ಲಿ ಈ ಎಳೆತವಿಲ್ಲ. ಭಾರ ನಾಲ್ಕು ಪಾದಗಳಿಗೆ ಹಂಚಿ ನೇರವಾಗಿ ಇಳಿಯುತ್ತದೆ. ಗಾಡಿಯನ್ನು ಸೊಂಟದೆತ್ತರಕ್ಕೆ ಏರಿಸುವ ಸಿಸರ್ ಲಿಫ್ಟಿನದೂ ಹೆಚ್ಚುಕಡಿಮೆ ಇದೇ ಗುಣ. ಆದ್ದರಿಂದ ತುಂಬಿದ ಮಣ್ಣಿನ ಶೆಡ್ಡಿಗೆ ಇವೆರಡರಲ್ಲೊಂದು ಸಾಕು, ಎರಡು ಕಂಬದ್ದು ಬೇಡ ಎನ್ನುವುದೇ ನನ್ನ ವಾದ.

ನೆಲ ಯಾವ ಜಾತಿಯದು ಎಂದು ತಿಳಿಯಲು ಇಂಜಿನಿಯರನ್ನು ಕರೆಯುವ ಮೊದಲೇ ನಾವು ನೋಡಬಹುದಾದದ್ದು ಸಾಕಷ್ಟಿದೆ. ತಡೆಗೋಡೆಗೆ ಸಮಾನಾಂತರವಾಗಿ ನೆಲದಲ್ಲಿ ಉದ್ದನೆಯ ಬಿರುಕು ಓಡಿದ್ದರೆ ಕಡಿದ ನೆಲ ಮುಗಿದು ತುಂಬಿದ ಮಣ್ಣು ಶುರುವಾಗುವ ಗಡಿ ಬಹುಮಟ್ಟಿಗೆ ಅದೇ. ಆ ಬಿರುಕಿನ ಎರಡೂ ಬದಿ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗಬೇಕು. ಗಟ್ಟಿ ನೆಲ ಟಣ್ ಎಂದರೆ ಪೊಳ್ಳು ನೆಲ ಡಬ್ ಎನ್ನುತ್ತದೆ. ಗಾರೆಯವರ ಟ್ಯೂಬ್ ಲೆವೆಲ್ ಹಿಡಿದರೆ ಎರಡು ಬದಿಯ ಮಟ್ಟದ ವ್ಯತ್ಯಾಸ ಗೊತ್ತಾಗುತ್ತದೆ. ಅರ್ಧ ಇಂಚಿನವರೆಗೆ ಪಾದದಡಿ ತಗಡು ಕೊಟ್ಟು ಸರಿಮಾಡಬಹುದು, ಅದಕ್ಕಿಂತ ಹೆಚ್ಚಾದರೆ ತಗಡನ್ನು ನಂಬಬಾರದು. ಇನ್ನೊಂದು ಸಂಗತಿಯನ್ನು ಮಳೆಗಾಲದಲ್ಲೇ ನೋಡಬೇಕು: ತಡೆಗೋಡೆಯಲ್ಲಿ ಬಿಟ್ಟ ಪೈಪುಗಳಿಂದ ನೀರು ಸುರಿಯುತ್ತಿದೆಯೇ? ಸುರಿಯುತ್ತಿದ್ದರೆ ಒಳ್ಳೆಯದು. ಸುತ್ತಲೂ ಜಿನುಗುತ್ತಿರುವಾಗ ಪೈಪು ಮಾತ್ರ ಒಣಗಿದ್ದರೆ ನೀರು ಗೋಡೆಯ ಹಿಂದೆಯೇ ನಿಂತಿದೆ ಎಂದರ್ಥ. 2019ರ ಆಗಸ್ಟಿನಲ್ಲಿ ಅವಲಾಂಚಿಯಲ್ಲಿ ಒಂದೇ ದಿನಕ್ಕೆ 800 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದ ಜಿಲ್ಲೆ ಇದು. ಹಿಂದೆ ನೀರು ನಿಂತ ಗೋಡೆಯ ಮೇಲೆ ಇನ್ನೆರಡು ಟನ್ ಹೇರುವ ಮಾತೇ ಬೇಡ.

ಹಾಗಾದರೆ ಗುಂಡಿ ತೋಡಿಸಿದರಾಯಿತು, ಅಗ್ಗವೂ ಹೌದು ಎನ್ನುವವರಿದ್ದಾರೆ. ಗೂಡಲೂರು, ದೇವಾಲದ ಕಡೆ ಜೂನಿನಿಂದ ತಿಂಗಳುಗಟ್ಟಲೆ ಆ ಗುಂಡಿ ಬಾವಿಯಾಗಿರುತ್ತದೆ. ನೀರಿಲ್ಲದಾಗ ಪೆಟ್ರೋಲಿನ ಆವಿ, ಗಾಳಿಗಿಂತ ಭಾರವಾದ್ದರಿಂದ, ಅಲ್ಲೇ ತಂಗುತ್ತದೆ. ಜ್ಯಾಕು, ಸ್ಟ್ಯಾಂಡು ಸಾಲದೇ ಎಂದರೆ, ಚಕ್ರ ಬಿಚ್ಚಲು ಸಾಕು. ನೀರು ಹರಿಯಲೆಂದು ಬಾಗಿಲ ಕಡೆಗೆ ಇಳಿಜಾರು ಕೊಟ್ಟ ನೆಲದಲ್ಲಿ ಗಾಡಿಯಡಿ ಮಲಗಲು ಸಾಲದು. ಗಾಡಿಯಡಿ ನೋಡುವ ಕೆಲಸವೋ ನಮಗೆ ತಪ್ಪಿದ್ದಲ್ಲ: ಮೂವತ್ತಾರು ತಿರುವಿನ ಕಲ್ಲಹಟ್ಟಿ ಘಾಟಿಯಲ್ಲಿ ಮಸಿನಗುಡಿಗೆ ಇಳಿಯಲು ಹೊರಗಿನ ಗಾಡಿಗಳನ್ನು ಬಿಡುವುದಿಲ್ಲ. ನೀಲಗಿರಿಯ ಟಿಎನ್ 43 ನೋಂದಣಿಯವರು ನಾವು ಇಳಿಯುತ್ತೇವೆ. ಹಾಗಾಗಿ ಬ್ರೇಕ್ ಪೈಪಿನ ತುಕ್ಕು, ಹರಿದ ರಬ್ಬರ್ ಬೂಟು, ಸವೆದ ಬುಶ್ಶುಗಳನ್ನು ಕಣ್ಣೆತ್ತರದಲ್ಲಿ ನೋಡುವ ಅಗತ್ಯ ನಮಗಿದೆ. ಇನ್ನು ಗೇರ್‌ಬಾಕ್ಸ್ ಇಳಿಸಲು ಎರಡು ಕಂಬದ್ದೇ ಅನುಕೂಲ ಎಂಬ ಮಾತು ನಿಜ. ಸಿಸರ್ ಲಿಫ್ಟಿನಲ್ಲಿ ನಡುಭಾಗ ಮುಚ್ಚಿಹೋಗುತ್ತದೆ, ನಾಲ್ಕು ಕಂಬದ್ದರಲ್ಲಿ ಚಕ್ರ ಬಿಚ್ಚಲು ಬೇರೆ ಜ್ಯಾಕು ಬೇಕು. ಆದರೆ ಗೇರ್‌ಬಾಕ್ಸ್ ಇಳಿಸುವ ಕೆಲಸ ಮನೆಯಲ್ಲಿ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ? ಬೇಕೇ ಬೇಕೆನ್ನುವವರು ಪೂರ್ತಿ ಕಡಿದ ನೆಲದ ಮೇಲೆ ಹಳೆಯ ಕಾಂಕ್ರೀಟನ್ನು ಒಡೆದು, ಕಂಬಿ ಕಟ್ಟಿ, ದಪ್ಪನೆಯ ಹೊಸ ಹಾಸು ಹಾಕಿಸಿ, ಇಪ್ಪತ್ತೆಂಟು ದಿನ ಕಾದು ಬೋಲ್ಟು ಹೊಡೆಸಲಿ. ಚಳಿಗೆ ಕಾಂಕ್ರೀಟು ನಿಧಾನವಾಗಿ ಗಟ್ಟಿಯಾಗುವುದರಿಂದ ಊಟಿಯಲ್ಲಿ ಡಿಸೆಂಬರ್, ಜನವರಿ ಬಿಟ್ಟು ಈ ಕೆಲಸ ಹಿಡಿಯುವುದು ಮೇಲು.

ಎತ್ತರದ ಸಮಸ್ಯೆಯೂ ಕೊನೆಗೆ ಸಿಸರ್ ಲಿಫ್ಟಿನ ಕಡೆಗೇ ಒಯ್ಯುತ್ತದೆ. ಗಾಡಿಯ ಎತ್ತರಕ್ಕೆ ಆಳೆತ್ತರ ಕೂಡಿದರೆ ಹನ್ನೊಂದು, ಹನ್ನೆರಡು ಅಡಿ ಬೇಕು; ಇಲ್ಲಿಯ ಹೆಂಚಿನ, ತಗಡಿನ ಶೆಡ್ಡುಗಳಲ್ಲಿ ಅಷ್ಟಿರುವುದಿಲ್ಲ. ಮಾಡು ಎತ್ತರಿಸಲು ಅನುಮತಿ ಬೇಕು, ಮಣ್ಣು ಅಗೆಯಲು ಜೆಸಿಬಿ ತರಿಸಿದರೂ ಬೇಕು. ಮಸಿನಗುಡಿಯಲ್ಲಿ ನೆಲ ಮಟ್ಟಸವಾಗಿದ್ದರೂ ಆನೆದಾರಿಯ ಕಟ್ಟಡ ನಿರ್ಬಂಧ ಎದುರಾಗುತ್ತದೆ. ಇರುವ ಮಾಡಿನಡಿಯಲ್ಲೇ ಸಿಸರ್ ಲಿಫ್ಟು ಹಿಡಿಸುತ್ತದೆ. ಕರೆಂಟಿನ ಮಾತಿಗೆ ಬಂದರೆ, ಮೂರು ಎಚ್‌ಪಿ ಮೋಟಾರು ಸಿಂಗಲ್ ಫೇಸಿನಲ್ಲೂ ಓಡುತ್ತದೆ, ಆದರೆ ಶುರುವಾಗುವಾಗ ಓಡುವಾಗಿನದರ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಮನೆಗೆ ತೆಳ್ಳನೆಯ ವೈರಿದ್ದರೆ ಮೊದಲು ವಿದ್ಯುತ್ ಮಂಡಳಿಯವರನ್ನು (ಇಬಿ) ಕೇಳುವುದು ಲೇಸು. ಗೂಡಲೂರಿನ, ಹಕ್ಕಿನ ತಕರಾರು ಬಗೆಹರಿಯದ ಸೆಕ್ಷನ್ 17 ಜಾಗದಲ್ಲಿ ಒಂದು ಬಲ್ಬಿನ ಕನೆಕ್ಷನ್ನಿಗೇ ವರ್ಷಗಟ್ಟಲೆ ಅಲೆದವರಿಗೆ ಇದನ್ನು ಹೇಳಲು ಸಂಕೋಚವಾಗುತ್ತದೆ. ಮಳೆಗಾಲದಲ್ಲಿ ಗಾಡಿ ಮೇಲಿದ್ದಾಗಲೇ ಕರೆಂಟು ಹೋಗುವುದು ಮಾಮೂಲು, ಹಾಗಾಗಿ ಕೈಯಿಂದ ಇಳಿಸುವ ವಾಲ್ವ್ ಇಲ್ಲದ ಯಂತ್ರವನ್ನು ಕೊಳ್ಳಲೇಬಾರದು. ಲಾಕಿನ ಮೇಲೆ ಕೂತ ಗಾಡಿಯನ್ನು ಒಂದಿಷ್ಟು ಎತ್ತಿಯೇ ಇಳಿಸಬೇಕಾದ್ದರಿಂದ, ಕರೆಂಟಿಲ್ಲದಾಗ ಅಷ್ಟನ್ನು ಎತ್ತಲು ಕೈಪಂಪು ಇದೆಯೇ ಎಂದೂ ಅಂಗಡಿಯಲ್ಲೇ ಕೇಳಿಕೊಳ್ಳಬೇಕು.