ಸಮರಚಿತ್ರವನ್ನು ಓದುವ ಬಗೆ

ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ನೌಕಾಯುದ್ಧದ ಚಿತ್ರಗಳಿಗೆ ವಿಶೇಷ ಮನ್ನಣೆಯಿತ್ತು. ಅವುಗಳನ್ನು ಪರೀಕ್ಷಿಸಲು ಸುಲಭವಾದ ಒಂದು ಉಪಾಯವುಂಟು: ಹಾಯಿ, ಬಾವುಟ, ಫಿರಂಗಿಯ ಹೊಗೆ ಇವು ಮೂರೂ ಒಂದೇ ಗಾಳಿಗೆ ಹೊಂದಿಕೊಂಡಿರಬೇಕು. ಆದರೆ ಕದನ ಮುಗಿದ ಮೇಲೆ ಕಡಲು ಯಾವ ಗುರುತನ್ನೂ ಉಳಿಸದು. ಬೆಟ್ಟದ ಕದನವು ಹಾಗಲ್ಲ. ಬೆಟ್ಟವೇ ಸಾಕ್ಷಿಯಾಗಿ ನಿಂತಿರುತ್ತದೆ.

ಅಂಥ ಸಾಕ್ಷಿಯೊಂದು ಮಾಗಡಿಯ ಸಮೀಪದ ಸಾವನದುರ್ಗ. ಸಮುದ್ರಮಟ್ಟದಿಂದ 1,226 ಮೀಟರು ಎತ್ತರವಿರುವ ಈ ಗಿರಿದುರ್ಗವನ್ನು ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯವು 1791ರ ಡಿಸೆಂಬರ್ 21ರಂದು ಟಿಪ್ಪು ಸುಲ್ತಾನನ ಕಾವಲುಪಡೆಯಿಂದ ಕಿತ್ತುಕೊಂಡಿತು. ಆ ಸೈನ್ಯದೊಡನೆ ಸಂಚರಿಸಿದ ಚಿತ್ರಕಾರ ರಾಬರ್ಟ್ ಹೋಮನು ಮೈಸೂರು ಸೀಮೆಯ ದೃಶ್ಯಗಳನ್ನು ಬರೆದುಕೊಂಡನು. ಸಾವನದುರ್ಗವೂ ಸೇರಿದಂತೆ ಆ ದೃಶ್ಯಗಳು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕರೂಪವಾಗಿ ಅಚ್ಚಾದವು. ಲೋಹದ ಫಲಕದಲ್ಲಿ ಕೊರೆದ ರೇಖೆ ಕಾಗದದ ಮೇಲೆ ಎಡಬಲ ತಿರುಗಿ ಮೂಡುತ್ತದೆ. ಆದುದರಿಂದ ಕೆತ್ತನೆಗಾರನು ಚಿತ್ರವನ್ನು ಕನ್ನಡಿಯ ಬಿಂಬದಂತೆ ತಿರುಗಿಸಿಯೇ ಕೆತ್ತಬೇಕಾಗುತ್ತದೆ.

ಇಂಥ ಚಿತ್ರಗಳ ಆಧಾರ ದೃಷ್ಟಿಗಣಿತ. 180 ಸೆಂಟಿಮೀಟರು ಎತ್ತರದ ಸಿಪಾಯಿಯೊಬ್ಬನು 180 ಮೀಟರು ದೂರದಲ್ಲಿ ನಿಂತಿರಲಿ. ಕಣ್ಣಿನಿಂದ 60 ಸೆಂಟಿಮೀಟರು ದೂರದಲ್ಲಿ ಕಡ್ಡಿಯೊಂದನ್ನು ಹಿಡಿದು ಅಳೆದರೆ ಅವನು ಕೇವಲ 6 ಮಿಲಿಮೀಟರು. 360 ಮೀಟರಿಗೆ ಸರಿದರೆ 3 ಮಿಲಿಮೀಟರು. ದೂರ ಇಮ್ಮಡಿಯಾದರೆ ತೋರುವ ಎತ್ತರ ಅರ್ಧವಾಗುತ್ತದೆ.

ಈಗ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯನ್ನು ನೋಡೋಣ. 1780ರ ಪೊಲ್ಲಿಲೂರಿನ ಕದನದಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷರನ್ನು ಸೋಲಿಸಿದ ದೃಶ್ಯ ಅಲ್ಲಿದೆ. ದೂರದವರು ಚಿಕ್ಕವರಾಗಬೇಕೆಂಬ ನಿಯಮವನ್ನು ಆ ಚಿತ್ರಕಾರರು ಪಾಲಿಸಿಲ್ಲ. ಸೈನಿಕರು ಸಾಲುಸಾಲಾಗಿ ಒಬ್ಬರ ಮೇಲೊಬ್ಬರು ನಿಂತಿದ್ದಾರೆ. ಪಲ್ಲಕ್ಕಿಯಲ್ಲಿ ಕರ್ನಲ್ ಬೇಲಿ ಇದ್ದಾನೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಇದು ಅಜ್ಞಾನವೇ? ಅಲ್ಲ. ಒಂದೆಡೆ ನಿಂತ ಒಂದು ಕಣ್ಣಿಗೆ ಕಾಣದ ಸಮಗ್ರ ಕದನವನ್ನು ಒಟ್ಟಿಗೆ ತೋರಿಸುವುದು ಅವರ ಉದ್ದೇಶ. ಈ ಚಿತ್ರಕ್ಕೆ ಅನಂತರದ ಕಾಲದಲ್ಲಿ ಮರಳಿ ಬಣ್ಣ ಹಚ್ಚಲಾಗಿದೆಯೆಂಬುದನ್ನೂ ನಾವು ಮರೆಯಬಾರದು.

ಹಾಗಾದರೆ ಯಾವುದು ನಿಜ? ಹೋಮನ ರೇಖೆಗಳಿಂದ ಬೆಟ್ಟದ ಆಕಾರ ತಿಳಿಯುತ್ತದೆ. ಆದರೆ ಅವನು ಮುತ್ತಿಗೆ ಹಾಕಿದವರ ಕಡೆಯವನು. ಕೋಟೆಯೊಳಗಿನಿಂದ ನೋಡಿದವರ ಕಣ್ಣು ಅವನ ಚಿತ್ರದಲ್ಲಿಲ್ಲ. ಗೋಡೆಯ ಚಿತ್ರವೂ ಗೆದ್ದವರದೇ. ಅಳತೆ ಸರಿಯಾಗಿದ್ದ ಮಾತ್ರಕ್ಕೆ ಕಥೆ ಪೂರ್ಣವಾಗದು.

ವಿದ್ಯಾರ್ಥಿಗಳು ಹೋಮನ ಚಿತ್ರದ ಪ್ರತಿಯೊಂದನ್ನು ಹಿಡಿದು ಸಾವನದುರ್ಗದ ಬುಡಕ್ಕೆ ಹೋಗಲಿ. ಬಂಡೆಯ ಅಂಚು ಚಿತ್ರದ ರೇಖೆಗೆ ಎಲ್ಲಿಂದ ಹೊಂದುವುದೋ ಹುಡುಕಲಿ. ಚಿತ್ರಕಾರನು ನಿಂತ ನೆಲೆ ತಿಳಿದ ಮೇಲೆ, ಅಲ್ಲಿಂದ ಅವನಿಗೆ ಏನು ಕಾಣಲಿಲ್ಲವೆಂಬುದನ್ನೂ ಯೋಚಿಸಲಿ.