ಸೈಕಲ್ ಚೈನಿನ ಶುಚಿತ್ವ ಮತ್ತು ಎಣ್ಣೆ ಹಾಕುವ ಕ್ರಮ

ಹಳ್ಳಿಗಳಲ್ಲಿ ಮೋಟಾರ್ ಸೈಕಲ್ಲುಗಳು ಹೆಚ್ಚಾಗಿದ್ದರೂ ಡೇರಿಗೆ ಹಾಲು, ಹುಳುಮನೆಗೆ ಹಿಪ್ಪುನೇರಳೆ ಸೊಪ್ಪು, ಕೊಟ್ಟಿಗೆಗೆ ಹಸಿ ಹುಲ್ಲು, ಸಂತೆಗೆ ತರಕಾರಿ ಸಾಗಿಸಲು ಸೈಕಲ್ಲನ್ನೇ ನೆಚ್ಚಿಕೊಂಡಿರುವ ರೈತರು ಇಂದಿಗೂ ಇದ್ದಾರೆ. ಎರಡು 20 ಲೀಟರಿನ ಕ್ಯಾನುಗಳಲ್ಲಿ ಹಾಲು ತುಂಬಿದರೆ ಹಾಲಿನ ತೂಕವೇ 40 ಕಿಲೋಗ್ರಾಂ ಮೀರುತ್ತದೆ. ಸವಾರನ ತೂಕದ ಜೊತೆಗೆ ಈ ಹೊರೆಯನ್ನೂ ಎಳೆಯುವುದು ಒಂದೇ ಒಂದು ಚೈನು. ಏರಿನಲ್ಲಿ ಪೆಡಲಿನ ಮೇಲೆ ನಿಂತು ತುಳಿಯುವಾಗ ಈ ಚೈನು ತುಂಡಾದರೆ ಅಥವಾ ಜಾರಿದರೆ ಹಾಲು ಚೆಲ್ಲುವುದಷ್ಟೇ ಅಲ್ಲ, ಸವಾರನೂ ಬಿದ್ದು ಪೆಟ್ಟು ಮಾಡಿಕೊಳ್ಳಬಹುದು.

ಚೈನಿಗೆ ಎಣ್ಣೆ ಹಾಕಬೇಕೆಂಬುದು ಎಲ್ಲರಿಗೂ ಗೊತ್ತು. ಆದರೆ ಎಣ್ಣೆ ಎಲ್ಲಿಗೆ ಸೇರಬೇಕೆಂಬುದನ್ನು ಗಮನಿಸುವವರು ಕಡಿಮೆ. ಮಣ್ಣು ಹಿಡಿದ ಚೈನಿನ ಮೇಲೆ ಎಣ್ಣೆ ಸುರಿಯುವುದು ಎಣ್ಣೆ ಹಾಕದಿರುವುದಕ್ಕಿಂತ ಹೆಚ್ಚಿನ ಹಾನಿ ಮಾಡಬಹುದು.

ಚೈನಿನ ರಚನೆ

ಇಂದು ಸೈಕಲ್ಲುಗಳಲ್ಲಿರುವ ರೋಲರ್ ಚೈನು 1880ರಲ್ಲಿ ಇಂಗ್ಲೆಂಡಿನಲ್ಲಿ ಹಾನ್ಸ್ ರೆನಾಲ್ಡ್ ಎಂಬಾತ ರೂಪಿಸಿದ ಮಾದರಿಯದು. ಇದರಲ್ಲಿ ಹೊರಪಟ್ಟಿ, ಒಳಪಟ್ಟಿ, ಪಿನ್ನು, ಪಿನ್ನಿನ ಸುತ್ತಲಿನ ಬುಷ್ ಮತ್ತು ಬುಷ್ ಮೇಲೆ ತಿರುಗುವ ರೋಲರ್ ಎಂಬ ಐದು ಭಾಗಗಳಿವೆ. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರ್ ಅಂತರವಿರುತ್ತದೆ. ಒಂದು ಸಾಧಾರಣ ಸೈಕಲ್ಲಿನ ಚೈನಿನಲ್ಲಿ ಸುಮಾರು 110 ಇಂತಹ ಸಂದುಗಳಿರುತ್ತವೆ.

ಚೈನು ಹಲ್ಲುಚಕ್ರವನ್ನು ಸುತ್ತುವಾಗ ಪ್ರತಿ ಸಂದಿನಲ್ಲೂ ಪಿನ್ನು ಮತ್ತು ಬುಷ್ ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ. ಎಣ್ಣೆ ಬೇಕಾದದ್ದು ಇಲ್ಲಿ. ಹೊರಪಟ್ಟಿಗಳ ಮೇಲೆ ತುಕ್ಕು ಹಿಡಿಯದಂತೆ ತೆಳುವಾದ ಎಣ್ಣೆಯ ಪಸೆ ಇದ್ದರೆ ಸಾಕು. ಅದಕ್ಕಿಂತ ಹೆಚ್ಚಾದ ಎಣ್ಣೆ ದಾರಿಯ ಧೂಳನ್ನು ಹಿಡಿದಿಟ್ಟುಕೊಂಡು ಸಾಣೆ ಹಿಡಿಯುವ ಮಸಿಯಂತೆ ಕೆಲಸ ಮಾಡುತ್ತದೆ.

'ಚೈನು ಎಳೆದುಕೊಂಡಿದೆ' ಎಂದು ಹೇಳುವುದು ರೂಢಿ. ವಾಸ್ತವವಾಗಿ ಉಕ್ಕಿನ ಪಟ್ಟಿಗಳು ಎಳೆದುಕೊಳ್ಳುವುದಿಲ್ಲ. ಪಿನ್ನು ಮತ್ತು ಬುಷ್‌ಗಳು ಸವೆಯುತ್ತವೆ. ಪ್ರತಿ ಸಂದಿನಲ್ಲಿ 0.1 ಮಿಲಿಮೀಟರ್ ಸವೆದರೂ 110 ಸಂದುಗಳು ಸೇರಿ ಚೈನಿನ ಉದ್ದ 11 ಮಿಲಿಮೀಟರಿನಷ್ಟು ಹೆಚ್ಚುತ್ತದೆ. ಉದ್ದವಾದ ಚೈನು ಹಲ್ಲುಗಳ ನಡುವೆ ಸರಿಯಾಗಿ ಕೂರದೆ ಹಲ್ಲುಗಳನ್ನೂ ಕೊಕ್ಕೆಯಂತೆ ಸವೆಸುತ್ತದೆ. ಚೈನಿನ ಜೊತೆಗೆ ಫ್ರೀವೀಲ್ ಮತ್ತು ಮುಂದಿನ ಚೈನ್ ವೀಲ್ ಎರಡನ್ನೂ ಬದಲಿಸುವ ಖರ್ಚು ಬರುವುದು ಹೀಗೆ.

ಮಣ್ಣು ಮತ್ತು ಗೊಬ್ಬರಗಳ ಪರಿಣಾಮ

ಕೋಲಾರ, ತುಮಕೂರು ಕಡೆಯ ಕೆಂಪು ಮಣ್ಣಿನಲ್ಲಿ ಮರಳಿನ ಅಂಶವಿದ್ದು, ಅದರ ಕಣಗಳು ಉಕ್ಕನ್ನು ಸವೆಸುವಷ್ಟು ಗಡುಸು. ಧಾರವಾಡ, ಗದಗ, ವಿಜಯಪುರ ಕಡೆಯ ಕಪ್ಪು ಮಣ್ಣು ಮಳೆಗಾಲದಲ್ಲಿ ಅಂಟಿನಂತೆ ಮೆತ್ತಿ, ಒಣಗಿದ ಮೇಲೆ ಸಂದುಗಳನ್ನು ಬಿಗಿಗೊಳಿಸುತ್ತದೆ. ಕರಾವಳಿಯಲ್ಲಿ ಉಪ್ಪಿನ ಗಾಳಿಯಿಂದ ತುಕ್ಕು ಬೇಗ ಹಿಡಿಯುತ್ತದೆ.

ಯೂರಿಯಾ, ಪೊಟ್ಯಾಷ್ ಮುಂತಾದ ಗೊಬ್ಬರಗಳ ಪುಡಿ ಚೈನಿನ ಮೇಲೆ ಉದುರಿದರೆ ಗಾಳಿಯ ತೇವವನ್ನು ಹೀರಿ ತುಕ್ಕಿಗೆ ದಾರಿ ಮಾಡಿಕೊಡುತ್ತದೆ. ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದೆಂಬುದು ಅಡಿಕೆ ಬೆಳೆಗಾರರಿಗೆ ತಿಳಿದ ವಿಷಯ. ಅದೇ ಕಾರಣಕ್ಕೆ ಮೈಲುತುತ್ತದ ನೀರು ಚೈನಿಗೂ ಕೆಡುಕು. ಇವುಗಳಲ್ಲಿ ಯಾವುದಾದರೂ ತಗುಲಿದ ದಿನವೇ ಚೈನನ್ನು ನೀರಿನಿಂದ ತೊಳೆದು, ಒರೆಸಿ, ಒಣಗಿಸಿ, ಎಣ್ಣೆ ಹಾಕಬೇಕು.

ಬೇಕಾಗುವ ಸಾಮಗ್ರಿಗಳು

ಹಳೆಯ ಹತ್ತಿ ಬಟ್ಟೆಯ ತುಂಡುಗಳು, ಹಲ್ಲುಜ್ಜುವ ಹಳೆಯ ಬ್ರಷ್, ಅಗಲ ಬಾಯಿಯ ತಗಡಿನ ಡಬ್ಬಿ, ಕಾಲು ಲೀಟರ್ ಸೀಮೆಎಣ್ಣೆ, ಸಣ್ಣ ಮೂತಿಯ ಎಣ್ಣೆ ಡಬ್ಬಿ, ಇಕ್ಕಳ ಮತ್ತು ಸ್ಪ್ಯಾನರ್ ಇದ್ದರೆ ಸಾಕು. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ಬಳಸಬಹುದು. ಪೆಟ್ರೋಲ್ ಬೇಡ, ಅದರ ಆವಿಗೆ ಬಲುಬೇಗ ಬೆಂಕಿ ಹತ್ತುತ್ತದೆ.

ಟ್ರ್ಯಾಕ್ಟರ್ ಅಥವಾ ಮೋಟಾರ್ ಸೈಕಲ್ಲಿಗೆ ಹಾಕುವ ಹೊಸ ಎಂಜಿನ್ ಆಯಿಲ್ ಚೈನಿಗೆ ಸೂಕ್ತ. ಹೊಲಿಗೆ ಯಂತ್ರದ ಎಣ್ಣೆಯೂ ಆಗುತ್ತದೆ. ಆದರೆ ಅದು ತೆಳುವಾದ್ದರಿಂದ ಮೇಲಿಂದ ಮೇಲೆ ಹಾಕಬೇಕಾಗುತ್ತದೆ. ಎಂಜಿನ್ನಿನಿಂದ ಇಳಿಸಿದ ಹಳೆಯ ಆಯಿಲ್‌ನಲ್ಲಿ ಮಸಿ ಮತ್ತು ಲೋಹದ ಪುಡಿ ಇರುವುದರಿಂದ ಅದನ್ನು ಬಳಸಬಾರದು. ಕಡಲೆಕಾಯಿ, ಕುಸುಬೆ ಮುಂತಾದ ಅಡುಗೆ ಎಣ್ಣೆಗಳು ಕ್ರಮೇಣ ಅಂಟಾಗುತ್ತವೆ. ಗ್ರೀಸ್ ಮಂದವಾದ್ದರಿಂದ ಸಂದುಗಳ ಒಳಗೆ ಇಳಿಯದೆ ಹೊರಗೇ ನಿಂತು ಧೂಳನ್ನು ಸೆಳೆಯುತ್ತದೆ.

ಶುಚಿಗೊಳಿಸುವ ವಿಧಾನ

ವಾರಕ್ಕೊಮ್ಮೆ: ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಬೇಕು. ಚೈನಿನ ಕೆಳಸಾಲಿನ ನಡುಭಾಗವನ್ನು ಒಣ ಬಟ್ಟೆಯಿಂದ ಸಡಿಲವಾಗಿ ಹಿಡಿದು ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಬೇಕು. ಹಿಂದಕ್ಕೆ ತಿರುಗಿಸಿದಾಗ ಚಕ್ರಕ್ಕೆ ವೇಗ ಸಿಗುವುದಿಲ್ಲ. ಪೆಡಲನ್ನು ಮುಂದಕ್ಕೆ ತುಳಿಯುತ್ತಾ ಚೈನನ್ನು ಎಂದಿಗೂ ಒರೆಸಬಾರದು. ಬಟ್ಟೆಯೊಡನೆ ಬೆರಳೂ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಈ ಕೆಲಸವನ್ನು ಮಕ್ಕಳಿಗೆ ಒಪ್ಪಿಸಬಾರದು.

ಎರಡು ಮೂರು ತಿಂಗಳಿಗೊಮ್ಮೆ: ಚೈನನ್ನು ಬಿಚ್ಚಿ ತೊಳೆಯಬೇಕು. ಚೈನ್ ಲಾಕಿನ ಕ್ಲಿಪ್ಪನ್ನು ಇಕ್ಕಳದಿಂದ ಸರಿಸಿದರೆ ಲಾಕು ಬಿಡಿಸಿಕೊಳ್ಳುತ್ತದೆ. ಚೈನನ್ನು ಸೀಮೆಎಣ್ಣೆಯಲ್ಲಿ ಅರ್ಧ ಗಂಟೆ ನೆನೆಸಿ, ಪ್ರತಿ ಸಂದನ್ನೂ ಮಡಚಿ ಬಿಡಿಸುತ್ತಾ ಬ್ರಷ್‌ನಿಂದ ಉಜ್ಜಬೇಕು. ಬಳಿಕ ಸ್ವಲ್ಪ ಹೊಸ ಸೀಮೆಎಣ್ಣೆಯಲ್ಲಿ ಜಾಲಾಡಿ, ಕಿವಿಯ ಬಳಿ ಹಿಡಿದು ಮಡಚಿ ನೋಡಬೇಕು. 'ಕರಕರ' ಸದ್ದು ಕೇಳಿಸಿದರೆ ಒಳಗೆ ಇನ್ನೂ ಮರಳಿದೆ ಎಂದರ್ಥ, ಮತ್ತೊಮ್ಮೆ ತೊಳೆಯಬೇಕು. ಒರೆಸಿ ನೆರಳಿನಲ್ಲಿ ಪೂರ್ಣವಾಗಿ ಒಣಗಿಸುವುದು ಮುಖ್ಯ. ಒಳಗೆ ಉಳಿದ ಸೀಮೆಎಣ್ಣೆ ಹೊಸ ಎಣ್ಣೆಯನ್ನು ತೆಳುವಾಗಿಸಿಬಿಡುತ್ತದೆ. ಚೈನು ಒಣಗುವಷ್ಟರಲ್ಲಿ ಹಲ್ಲುಚಕ್ರಗಳ ನಡುವಿನ ಕೊಳೆಯನ್ನು ಕಡ್ಡಿಯಿಂದ ಕೆರೆದು ತೆಗೆಯಬಹುದು.

ಚೈನನ್ನು ಮತ್ತೆ ಜೋಡಿಸುವಾಗ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಚಲಿಸುವ ದಿಕ್ಕಿಗೆ ಇರಬೇಕು. ಮೇಲಿನ ಸಾಲಿನಲ್ಲಿ ನೋಡಿದರೆ ಅದು ಮುಂದಿನ ಚಕ್ರದ ಕಡೆಗಿರುತ್ತದೆ. ತೆರೆದ ತುದಿ ಮುಂದಾದರೆ ಏನಾದರೂ ತಗುಲಿದಾಗ ಕ್ಲಿಪ್ ಹಾರಿಹೋಗಬಹುದು.

ಎಣ್ಣೆ ಹಾಕುವ ಕ್ರಮ

ಲಾಕು ಇರುವ ಕೊಂಡಿಯಿಂದ ಆರಂಭಿಸಿದರೆ ಎಲ್ಲಿಂದ ಶುರು ಮಾಡಿದ್ದೆಂಬ ಗುರುತು ತಪ್ಪುವುದಿಲ್ಲ. ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಕೆಳಸಾಲಿನ ಒಳಮೈಯಲ್ಲಿ ಪ್ರತಿ ರೋಲರಿಗೂ ಒಂದೊಂದು ಹನಿ ಹಾಕಬೇಕು. ಹನಿಯು ರೋಲರ್ ಮತ್ತು ಪಟ್ಟಿಯ ನಡುವಿನ ಸಂದಿಗೆ ಬೀಳಬೇಕು. ಇಡೀ ಚೈನಿಗೆ ಸುಮಾರು ಒಂದು ಟೀ ಚಮಚ ಎಣ್ಣೆ ಸಾಕು. ಬಳಿಕ ಇಪ್ಪತ್ತು ಮೂವತ್ತು ಸುತ್ತು ಪೆಡಲು ತಿರುಗಿಸಿ, ರಾತ್ರಿ ಹಾಗೆಯೇ ಬಿಟ್ಟು, ಬೆಳಿಗ್ಗೆ ಹೊರಮೈಯ ಎಣ್ಣೆಯನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಬೇಕು. ಈ ಕೊನೆಯ ಒರೆಸುವಿಕೆಯನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ.

ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಣ್ಣೆ ಹಾಕುವುದು ಒಳ್ಳೆಯದು. ಚೈನು ಕಿರುಗುಟ್ಟಿದರೆ ದಿನ ಲೆಕ್ಕ ಹಾಕದೆ ಅಂದೇ ಹಾಕಬೇಕು. ಚಕ್ರದ ರಿಮ್ಮಿಗಾಗಲಿ ಬ್ರೇಕಿನ ರಬ್ಬರಿಗಾಗಲಿ ಎಣ್ಣೆ ತಾಗಬಾರದು. ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ.

ಬಿಗಿ ಮತ್ತು ಸವೆತದ ಪರೀಕ್ಷೆ

ಕೆಳಸಾಲಿನ ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿದರೆ ಚೈನು ಒಟ್ಟು ಅರ್ಧದಿಂದ ಮುಕ್ಕಾಲು ಅಂಗುಲ ಆಡಬೇಕು. ಪೆಡಲನ್ನು ಸ್ವಲ್ಪ ಸ್ವಲ್ಪ ತಿರುಗಿಸಿ, ಚೈನು ಅತಿ ಬಿಗಿಯಾಗಿರುವ ಜಾಗದಲ್ಲಿ ಇದನ್ನು ನೋಡಬೇಕು. ಹೆಚ್ಚು ಕಡಿಮೆ ಇದ್ದರೆ ಹಿಂದಿನ ಚಕ್ರದ ನಟ್ಟುಗಳನ್ನು ಸಡಿಲಿಸಿ, ಚಕ್ರವನ್ನು ನೇರವಾಗಿ ಸರಿಸಿ ಮತ್ತೆ ಬಿಗಿ ಮಾಡಬೇಕು.

ಸವೆತ ತಿಳಿಯಲು ಒಂದು ಅಡಿಪಟ್ಟಿ ಸಾಕು. ಒಂದು ಪಿನ್ನಿನ ನಡುವಿನಿಂದ ಅಳೆಯುತ್ತಾ ಹೋದರೆ, ಮೊದಲನೆಯದನ್ನೂ ಸೇರಿಸಿ ಎಣಿಸಿದಾಗ 25ನೆಯ ಪಿನ್ನಿನ ನಡು ಹೊಸ ಚೈನಿನಲ್ಲಿ ಸರಿಯಾಗಿ 12 ಅಂಗುಲಕ್ಕೆ ಬರುತ್ತದೆ. ಸುಮಾರು ಒಂದೂವರೆ ಮಿಲಿಮೀಟರ್ ಮುಂದೆ ಹೋಗಿದ್ದರೆ ಚೈನನ್ನು ಬದಲಿಸುವ ಕಾಲ ಬಂದಿದೆ. ಮೂರು ಮಿಲಿಮೀಟರ್ ದಾಟಿದ್ದರೆ ಹಲ್ಲುಗಳೂ ಸವೆದಿರುವ ಸಂಭವ ಹೆಚ್ಚು. ಪಟ್ಟಿಯಲ್ಲಿ ಬಿರುಕು ಕಂಡರೆ ಅಂತಹ ಚೈನಿನ ಸೈಕಲ್ಲಿನ ಮೇಲೆ ಹೊರೆ ಹೇರಬಾರದು.

ಮುನ್ನೆಚ್ಚರಿಕೆಗಳು

1. ಸೀಮೆಎಣ್ಣೆಯ ಬಳಿ ಬೀಡಿ, ದೀಪ ಇರಬಾರದು.

2. ತೊಳೆದ ಸೀಮೆಎಣ್ಣೆಯನ್ನು ಬಾವಿಯ ಬಳಿ, ಕಾಲುವೆಗೆ, ದನ ನೀರು ಕುಡಿಯುವ ತೊಟ್ಟಿಯ ಹತ್ತಿರ ಚೆಲ್ಲಬಾರದು. ಮುಚ್ಚಿಟ್ಟರೆ ಕೊಳೆ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮುಂದಿನ ಸಲದ ಮೊದಲ ತೊಳೆತಕ್ಕೆ ಬಳಸಬಹುದು.

3. ಹಾಲಿನ ಪಾತ್ರೆ ಮುಟ್ಟುವ ಮೊದಲು ಕೈಯನ್ನು ಸೋಪಿನಿಂದ ತೊಳೆಯಬೇಕು. ಸೀಮೆಎಣ್ಣೆಯ ವಾಸನೆ ಹಾಲಿಗೆ ಬೇಗ ಹತ್ತುತ್ತದೆ.

4. ಎಣ್ಣೆ ಅಥವಾ ಸೀಮೆಎಣ್ಣೆ ತಗುಲಿದ ಹಿಪ್ಪುನೇರಳೆ ಸೊಪ್ಪನ್ನು ರೇಷ್ಮೆ ಹುಳುಗಳಿಗೆ ಕೊಡಬಾರದು.

ಹೊಲದ ಕೆಲಸ ಮುಗಿದ ಮೇಲೆ ಗುದ್ದಲಿ, ಕುಡುಗೋಲುಗಳನ್ನು ತೊಳೆದಿಡುವ ಅಭ್ಯಾಸ ನಮ್ಮ ರೈತರಲ್ಲಿದೆ. ಚೈನಿಗೂ ಅದೇ ಆರೈಕೆ ಸಲ್ಲಬೇಕು. ವಾರದಲ್ಲಿ ಹತ್ತು ನಿಮಿಷ ಮತ್ತು ಒಂದು ಚಮಚ ಎಣ್ಣೆಯಿಂದ ಚೈನು, ಹಲ್ಲುಚಕ್ರ ಎರಡೂ ಹೆಚ್ಚು ಕಾಲ ಬಾಳಿಕೆ ಬರುತ್ತವೆ. ಹಾಲೂ ಹೊತ್ತಿಗೆ ಸರಿಯಾಗಿ ಡೇರಿ ಸೇರುತ್ತದೆ.